ಮನೆಯ ಈಜುಕೊಳಕ್ಕೆ ಬೇಲಿ: ಎಲ್ಲಿರಬೇಕು, ಎಷ್ಟು ಎತ್ತರ, ಗೇಟ್ ಹೇಗಿರಬೇಕು?

ಬಾವಿಗೆ ಕಟ್ಟೆ ಕಟ್ಟದೆ ಬಿಡುವವರು ನಮ್ಮಲ್ಲಿ ಕಡಿಮೆ. ಮಂಜೇಶ್ವರ, ಕಾಸರಗೋಡು ಕಡೆ ಮನೆ ಕಟ್ಟಿಸಿದವರಿಗೆ ಗೊತ್ತು, ಬಾವಿಯ ಸುತ್ತ ಕನಿಷ್ಠ 1 ಮೀಟರ್ ಎತ್ತರದ ಗೋಡೆ ಬೇಕು ಅಂತ ಕೇರಳದ ಕಟ್ಟಡ ನಿಯಮವೇ ಹೇಳುತ್ತದೆ. ಈಗ ಹೊಸ ಮನೆಗಳ ಅಂಗಳಕ್ಕೂ ಹೋಂಸ್ಟೇಗಳಿಗೂ ಸ್ವಿಮ್ಮಿಂಗ್ ಪೂಲ್ ಬಂದಿದೆ. ಗಲ್ಫ್‌ನಲ್ಲಿರುವ ನಮ್ಮವರು ರಜೆಯಲ್ಲಿ ಫಾರ್ಮ್‌ಹೌಸ್ ಬಾಡಿಗೆಗೆ ಹಿಡಿದರೆ ಅಲ್ಲೂ ಪೂಲ್ ಇರುತ್ತದೆ. ಟೈಲ್ಸ್, ಲೈಟ್ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಬೇಲಿಯ ಮಾತು ಬಂದರೆ ಮಾತ್ರ "ಕಂಪೌಂಡ್ ಇದೆಯಲ್ಲ, ಮತ್ತೆ ಬೇಲಿ ಯಾಕೆ?" ಅಂತಾರೆ.

ಕಂಪೌಂಡ್ ಯಾಕೆ ಸಾಲದು?

ಕಂಪೌಂಡ್ ತಡೆಯುವುದು ಹೊರಗಿನವರನ್ನು. ಪೂಲ್‌ಗೆ ಬೀಳುವ ಪುಟ್ಟ ಮಗು ಹೆಚ್ಚಾಗಿ ಮನೆಯದ್ದೇ, ಇಲ್ಲವೇ ಮನೆಗೆ ಬಂದ ನೆಂಟರದ್ದು. ಅದು ಬರುವುದು ರಸ್ತೆಯಿಂದ ಅಲ್ಲ, ಅಡುಗೆಮನೆಯ ಹಿಂಬಾಗಿಲಿನಿಂದ. ಹಾಗಾಗಿ ಬೇಲಿ ಇರಬೇಕಾದದ್ದು ಮನೆಯ ಬಾಗಿಲು ಮತ್ತು ನೀರಿನ ನಡುವೆ. ಮೂರು ಬದಿಗೆ ಬೇಲಿ, ನಾಲ್ಕನೇ ಬದಿಗೆ ಮನೆಯ ಗೋಡೆ ಇರುವ ಪೂಲ್‌ಗಿಂತ ನಾಲ್ಕೂ ಬದಿ ಬೇಲಿ ಇರುವ ಪೂಲ್‌ನಲ್ಲಿ ಮಕ್ಕಳು ಮುಳುಗುವ ಅಪಾಯ ಬಹಳ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು 1ರಿಂದ 4 ವರ್ಷದ ಮಕ್ಕಳಲ್ಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗದೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ.

ಆಸ್ಟ್ರೇಲಿಯಾದ ನಿಯಮ

ಮನೆ ಪೂಲ್‌ಗಳು ಬಹಳ ಇರುವ ಆಸ್ಟ್ರೇಲಿಯಾದಲ್ಲಿ ನಿಯಮಗಳೂ ಬಿಗಿ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದಕ್ಕಾಗಿ 1992ರ ಈಜುಕೊಳ ಕಾಯ್ದೆ ಇದೆ. ಅಲ್ಲಿ ಈಗ ಹೊಸ ಪೂಲ್‌ಗಳಿಗೆ ಇರುವ ಮುಖ್ಯ ಅಂಶಗಳು ಇವು:

- ಆಳ: 300 ಮಿಲಿಮೀಟರ್, ಅಂದರೆ ಒಂದು ಅಡಿಗಿಂತ ಹೆಚ್ಚು ನೀರು ನಿಲ್ಲುವ ಪೂಲ್‌ಗೆ ಬೇಲಿ ಕಡ್ಡಾಯ. ಗಾಳಿ ತುಂಬಿಸುವ ಪ್ಲಾಸ್ಟಿಕ್ ಪೂಲ್ ಆದರೂ ಅಷ್ಟೇ.
- ಎತ್ತರ: ಕನಿಷ್ಠ 1.2 ಮೀಟರ್, ಸುಮಾರು 4 ಅಡಿ.
- ಸಂದು: ಬೇಲಿಯ ಕೆಳಗೆ ಮತ್ತು ಎರಡು ಕಂಬಿಗಳ ನಡುವೆ 100 ಮಿಲಿಮೀಟರ್‌ಗಿಂತ ಹೆಚ್ಚು ಜಾಗ ಇರಬಾರದು. ಮಗು ನುಸುಳಬಾರದು ಅಂತ ಈ ಅಳತೆ.
- ಹತ್ತುವಂಥದ್ದು: ಬೇಲಿಯ ಹೊರಗೆ 900 ಮಿಲಿಮೀಟರ್ ಒಳಗೆ ಕುರ್ಚಿ, ಹೂಕುಂಡ, ಮರದ ಗೆಲ್ಲು, ಪಂಪ್ ಪೆಟ್ಟಿಗೆ ಯಾವುದೂ ಇರಬಾರದು. ಎಷ್ಟೇ ಎತ್ತರದ ಬೇಲಿ ಇರಲಿ, ಪಕ್ಕದಲ್ಲಿ ಒಂದು ಕುರ್ಚಿ ಇಟ್ಟರೆ ಅದು ಬೇಲಿಯೇ ಅಲ್ಲ.
- ಗೇಟ್: ಪೂಲ್‌ನಿಂದ ಹೊರಮುಖವಾಗಿ ತೆರೆಯಬೇಕು. ಕೈ ಬಿಟ್ಟರೆ ತಾನಾಗಿ ಮುಚ್ಚಿ, ಚಿಲಕವೂ ತಾನಾಗಿ ಬೀಳಬೇಕು. ಚಿಲಕ ತೆಗೆಯುವ ಜಾಗ ಸಾಮಾನ್ಯವಾಗಿ ನೆಲದಿಂದ 1.5 ಮೀಟರ್ ಎತ್ತರದಲ್ಲಿ.
- ಫಲಕ: ಉಸಿರು ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆಯ, ಅಂದರೆ ಸಿಪಿಆರ್‌ನ, ವಿಧಾನ ತೋರಿಸುವ ಫಲಕ ಪೂಲ್ ಬಳಿ ಇರಬೇಕು.

ಅಲ್ಲಿ ಪೂಲನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. 2016ರ ಏಪ್ರಿಲ್‌ನಿಂದ ಪೂಲ್ ಇರುವ ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಅದರ ಪ್ರಮಾಣಪತ್ರವೂ ಬೇಕು.

ಬೇರೆ ದೇಶಗಳಲ್ಲಿ

ನ್ಯೂಜಿಲೆಂಡ್ 1987ರಲ್ಲೇ ಪೂಲ್ ಬೇಲಿಗೆ ಕಾಯ್ದೆ ತಂದಿತ್ತು. ಈಗ ಅಲ್ಲಿ ಮನೆ ಪೂಲ್‌ಗಳ ತಡೆಯನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸುತ್ತಾರೆ. ಫ್ರಾನ್ಸ್‌ನ 2003ರ ಕಾನೂನು ನೆಲದಲ್ಲಿ ತೋಡಿ ಕಟ್ಟಿದ ಖಾಸಗಿ ಪೂಲ್‌ಗಳಿಗೆ ಬೇಲಿ, ಅಲಾರ್ಮ್, ಮುಚ್ಚಳ, ಮೇಲ್ಛಾವಣಿ ಈ ನಾಲ್ಕರಲ್ಲಿ ಒಂದಾದರೂ ಇರಬೇಕು ಎನ್ನುತ್ತದೆ. ತಪ್ಪಿದರೆ 45,000 ಯೂರೋವರೆಗೆ ದಂಡ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ನೀರಿಗೆ ಬಿದ್ದಾಗ ಕೂಗುವ ಅಲಾರ್ಮ್ ಎಚ್ಚರಿಸುವುದು ಮಗು ಬಿದ್ದ ಮೇಲೆ. ಬೇಲಿ ಬೀಳುವ ಮೊದಲೇ ತಡೆಯುತ್ತದೆ.

ಬೇಲಿಯಿಂದ ಆಗದ್ದು

ಬೇಲಿ ಪುಟ್ಟ ಮಕ್ಕಳಿಗೆ. ಈಜು ಬಾರದ ದೊಡ್ಡವರನ್ನು ಅದು ಕಾಯುವುದಿಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲ ಸಮೀಪದ ಖಾಸಗಿ ರೆಸಾರ್ಟ್ ಒಂದರ ಪೂಲ್‌ನಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡದ್ದು ಕರಾವಳಿಯವರಿಗೆ ನೆನಪಿರಬಹುದು. ಹಾಗಾಗಿ ಎಲ್ಲಿ ಎಷ್ಟು ಆಳ ಎಂಬ ಗುರುತು, ಹಗ್ಗ ಕಟ್ಟಿದ ಲೈಫ್ ರಿಂಗ್, ಕಾಯುವ ಒಬ್ಬ ಈಜುಗಾರ ಇವೂ ಬೇಕು.

ನಾವು ಮಾಡಬಹುದಾದದ್ದು

ಕಾನೂನು ಬಂದು ಹೇಳಲಿ ಅಂತ ಕಾಯಬೇಕಾಗಿಲ್ಲ. ಪೂಲ್ ಕಟ್ಟಿಸುವವರು ನಾಲ್ಕು ಬದಿಯ ಬೇಲಿಯನ್ನೂ ತಾನಾಗಿ ಮುಚ್ಚುವ ಗೇಟನ್ನೂ ಮೊದಲ ಎಸ್ಟಿಮೇಟ್‌ನಲ್ಲೇ ಸೇರಿಸಿ. ಗೇಟಿಗೆ ಕಲ್ಲು ಕೊಟ್ಟು ತೆರೆದಿಡಬೇಡಿ. ಆಟ ಮುಗಿದ ಮೇಲೆ ಚೆಂಡು, ಆಟಿಕೆ ನೀರಿನಲ್ಲಿ ಬಿಡಬೇಡಿ, ಮಗು ಅದಕ್ಕಾಗಿಯೇ ವಾಪಸ್ ಹೋಗುತ್ತದೆ. ಪ್ಲಾಸ್ಟಿಕ್ ಪೂಲ್ ಆದರೆ ನೀರು ಚೆಲ್ಲಿ ಕವುಚಿ ಹಾಕಿ. ಮದುವೆ, ಕುಟುಂಬ ಕೂಟಗಳಲ್ಲಿ "ಯಾರಾದ್ರೂ ನೋಡ್ತಾರೆ" ಅಂದರೆ ಯಾರೂ ನೋಡುವುದಿಲ್ಲ. ಒಬ್ಬರ ಹೆಸರು ಹೇಳಿ ಜವಾಬ್ದಾರಿ ಕೊಡಿ, ಅವರು ಮೊಬೈಲ್ ಬದಿಗಿಡಲಿ. ರೂಮ್ ಬುಕ್ ಮಾಡುವ ಮೊದಲು ಬೇಲಿಯ ಫೋಟೊ ಕೇಳಿ.

ಮಗು ಕಾಣಿಸದಿದ್ದರೆ ಮೊದಲು ನೀರಿನತ್ತ ಓಡಿ, ಕೋಣೆಗಳನ್ನು ಆಮೇಲೆ ಹುಡುಕಿ. ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಸಿಪಿಆರ್ ಶುರು ಮಾಡಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಊರಿನ ಯುವಕ ಸಂಘಗಳು ವರ್ಷಕ್ಕೊಮ್ಮೆ ಇದರ ತರಬೇತಿ ಇಟ್ಟರೆ ಪೂಲ್‌ಗೆ ಮಾತ್ರವಲ್ಲ, ನಮ್ಮ ಕೆರೆ, ಹೊಳೆ, ಮಳೆನೀರು ತುಂಬಿದ ಕಲ್ಲಿನ ಕೋರೆಗಳಿಗೂ ಅದು ಉಪಯೋಗಕ್ಕೆ ಬರುತ್ತದೆ.