ಚಪ್ಪರದ ಸಂಗೀತ

ಮೈಸೂರು ಸೀಮೆಯಲ್ಲಿ ಸಂಗೀತವಿದ್ಯೆಯು ಬಹುಕಾಲ ಅರಮನೆಯನ್ನೂ ದೇವಾಲಯವನ್ನೂ ಆಶ್ರಯಿಸಿ ಬೆಳೆದುದಾಗಿದೆ. ಅದನ್ನು ಬಯಲಿಗೆ ಕರೆತಂದವುಗಳಲ್ಲಿ ರಾಮನವಮಿಯ ಚಪ್ಪರವು ಮುಖ್ಯವಾದುದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಎಳೆಯ ವಯಸ್ಸಿನಲ್ಲಿಯೇ, 1939ರಲ್ಲಿ, ಶ್ರೀ ರಾಮಸೇವಾ ಮಂಡಳಿಯ ಉತ್ಸವವನ್ನು ಸಣ್ಣದಾಗಿ ಆರಂಭಿಸಿದರು. ಮುಂದೆ ಅದು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬೃಹತ್ತಾಗಿ ಬೆಳೆಯಿತು. ಕಾಮಾಕ್ಷಿಪಾಳ್ಯದ ರಸಿಕರಿಗೆ ಮಾಗಡಿ ರಸ್ತೆ ಹಿಡಿದು ಮೂಡಲಿಗೆ ಹೊರಟರೆ ಈ ಮೈದಾನವೇನೂ ದೂರವಲ್ಲ. ಹಬ್ಬದ ದಿನ ಬೆಳಿಗ್ಗೆ ಪೂಜೆ, ಮಧ್ಯಾಹ್ನ ಪಾನಕ, ಕೋಸಂಬರಿ, ನೀರುಮಜ್ಜಿಗೆ, ಸಂಜೆ ಕಛೇರಿ. ಹೀಗೆ ಇಡೀ ದಿನವೇ ಅದಕ್ಕೆ ಮೀಸಲಾಗುವುದು.

ಬಯಲಿನಲ್ಲಿ ನಾದವು ಚದರಿಹೋಗುವುದು. ಧ್ವನಿವರ್ಧಕವು ಬಳಕೆಗೆ ಬಾರದ ಕಾಲದಲ್ಲಿ ಇದೇ ವಿದ್ವಾಂಸರ ದೊಡ್ಡ ಚಿಂತೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು (1895–1967) ಪಿಟೀಲಿನ ನಾಲ್ಕು ತಂತಿಗಳನ್ನು ಏಳಾಗಿಸಿದುದು, ಕಟ್ಟಕಡೆಯ ಶ್ರೋತೃವಿಗೂ ವಾದ್ಯ ಕೇಳಿಸಲೆಂದೇ. ಅದನ್ನು ಆಡಂಬರವೆನ್ನುವುದು ಅನ್ಯಾಯ.

1947ರಲ್ಲಿ ಜವಾಬ್ದಾರಿ ಸರ್ಕಾರವು ಬಂದ ಬಳಿಕ ಆಸ್ಥಾನದ ಪೋಷಣೆಯು ಕುಗ್ಗುತ್ತ ಬಂದಿತು. ವಿದ್ವಾಂಸರ ಜೀವನವು ಇನ್ನು ಸಾರ್ವಜನಿಕರ ಚೀಟಿಯ ಹಣವನ್ನೂ ಧನಿಕರ ದೇಣಿಗೆಯನ್ನೂ ನೆಚ್ಚಬೇಕಾಯಿತು. ಅಂತಹ ಭಾರವನ್ನು ಹೊತ್ತುದು ಈ ಬಿದಿರಿನ ಚಪ್ಪರ! ಚೈತ್ರ ವೈಶಾಖಗಳ ಅಡ್ಡಮಳೆ ಹೊಡೆದರೆ ಮೃದಂಗದ ಚರ್ಮವು ಸಡಿಲಿ ಶ್ರುತಿಯಿಳಿಯುವುದು. ವಾದಕರು ಬಾರುಗಳನ್ನು ಬಿಗಿದು ಮತ್ತೆ ಶ್ರುತಿ ಸೇರಿಸುವವರೆಗೆ ಸಭೆಯು ಕಾದು ಕುಳಿತಿರುವುದು.