ಕೀನ್ಯಾ: ಯುವಜನ, ಧರ್ಮಸಂಸ್ಥೆಗಳು ಮತ್ತು ಜನಾಂಗ ರಾಜಕೀಯ

ಪೂರ್ವ ಆಫ್ರಿಕದ ಕೀನ್ಯಾದಲ್ಲಿ ಚುನಾವಣೆಗಳು ಬಹುಮಟ್ಟಿಗೆ ಜನಾಂಗಗಳ ಲೆಕ್ಕಾಚಾರದ ಮೇಲೆ ನಡೆದುಬಂದಿವೆ. ಈ ಲೆಕ್ಕಾಚಾರವನ್ನು ಪ್ರಶ್ನಿಸಿದ ಯುವ ನಾಗರಿಕರು ಮತ್ತು ಅದರಲ್ಲಿ ಇಬ್ಬಗೆಯ ಪಾತ್ರ ವಹಿಸಿದ ಧರ್ಮಸಂಸ್ಥೆಗಳು ಈ ಲೇಖನದ ವಿಷಯ. 2019ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 4.76 ಕೋಟಿ, ನಾಲ್ವರಲ್ಲಿ ಮೂವರು 35 ವರ್ಷದೊಳಗಿನವರು. 40ಕ್ಕೂ ಹೆಚ್ಚು ಜನಾಂಗಗಳಲ್ಲಿ ಕಿಕುಯು, ಲುಹ್ಯಾ, ಕಲೆಂಜಿನ್, ಲುವೊ, ಕಂಬಾ ದೊಡ್ಡವು. ಯಾವುದಕ್ಕೂ ಒಂಟಿಯಾಗಿ ಬಹುಮತವಿಲ್ಲ. ನೂರಕ್ಕೆ ಸುಮಾರು 85 ಮಂದಿ ಕ್ರೈಸ್ತರು, 11 ಮಂದಿ ಮುಸ್ಲಿಮರು.

ಹಿನ್ನೆಲೆ

ಬ್ರಿಟಿಷ್ ಆಡಳಿತ ಆಫ್ರಿಕನ್ನರನ್ನು ಜನಾಂಗವಾರು ಮೀಸಲು ಪ್ರದೇಶಗಳಲ್ಲಿ ಹಂಚಿಟ್ಟಿತು. ತನ್ನ ವಿರುದ್ಧ ಎದ್ದ ಮೌ ಮೌ ದಂಗೆಯ ಕಾಲದಲ್ಲಿ ರಾಜಕೀಯ ಸಂಘಟನೆಗಳನ್ನು ನಿಷೇಧಿಸಿ, 1955ರಲ್ಲಿ ಮತ್ತೆ ಅವಕಾಶ ಕೊಟ್ಟಾಗ ಜಿಲ್ಲಾ ಮಟ್ಟಕ್ಕೆ ಮಾತ್ರ ಒಪ್ಪಿತು. ಜಿಲ್ಲೆಯೆಂದರೆ ಹೆಚ್ಚುಕಡಿಮೆ ಒಂದು ಜನಾಂಗವೇ ಆಗಿದ್ದುದರಿಂದ ರಾಷ್ಟ್ರೀಯ ಪಕ್ಷಗಳಿಗಿಂತ ಮೊದಲೇ ಜನಾಂಗದ ನಾಯಕರು ಬೆಳೆದುನಿಂತರು. 1963ರ ಸ್ವಾತಂತ್ರ್ಯಾನಂತರ ಆಳಿದ ಅಧ್ಯಕ್ಷರೆಲ್ಲ ಕಿಕುಯು ಅಥವಾ ಕಲೆಂಜಿನ್ ಜನಾಂಗಕ್ಕೆ ಸೇರಿದವರು.

ಚರ್ಚುಗಳ ಭೂಗೋಳ

ಧರ್ಮಸಂಸ್ಥೆಗಳ ಪಾತ್ರವನ್ನು ಅರಿಯಲು ಮಿಷನರಿಗಳ ಕಾಲದ ಒಂದು ಏರ್ಪಾಡನ್ನು ಗಮನಿಸಬೇಕು. ಪರಸ್ಪರ ಪೈಪೋಟಿ ತಪ್ಪಿಸಲು ಪ್ರಾಟೆಸ್ಟೆಂಟ್ ಮಿಷನ್‌ಗಳು ಸೀಮೆಗಳನ್ನು ಹಂಚಿಕೊಂಡವು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ಕಿಕುಯು ಸೀಮೆಯಲ್ಲೂ ಮೆಥಡಿಸ್ಟರು ಮೇರುವಿನಲ್ಲೂ ನೆಲೆಯೂರಿದರು. 1902ರಲ್ಲಿ ಕೈಮೋಸಿಗೆ ಬಂದ ಕ್ವೇಕರರು ಲುಹ್ಯಾ ಜನರ ನಡುವೆ, ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ ಕಂಬಾ ಮತ್ತು ಕಲೆಂಜಿನ್ ಜನರ ನಡುವೆ ಕೆಲಸ ಮಾಡಿದವು. ಬೈಬಲ್ ಅನುವಾದ, ಶಾಲೆ, ಆಸ್ಪತ್ರೆ ಎಲ್ಲವೂ ಈ ಗಡಿಗಳೊಳಗೇ ನಡೆದವು. ಹೀಗಾಗಿ ಅನೇಕ ಕಡೆ ಸಭೆಯ ಗಡಿಯೂ ಜನಾಂಗದ ಗಡಿಯೂ ಒಂದೇ ಆದವು. ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಚರ್ಚುಗಳು ಹಲವು ಜನಾಂಗಗಳಿಗೆ ಹರಡಿದರೂ ಅವುಗಳ ಧರ್ಮಪ್ರಾಂತಗಳಲ್ಲಿ ಇದೇ ನಕ್ಷೆ ಕಾಣುತ್ತದೆ. ಪ್ರಭುತ್ವವನ್ನು ಎದುರಿಸಲು ಬೇಕಾದ ಜನಬಲ ಚರ್ಚುಗಳಿಗೆ ಬಂದದ್ದೂ, ತಮ್ಮವರೇ ಜನಾಂಗದ ಪರ ನಿಂತಾಗ ತಿದ್ದುವ ಬಲ ಕುಂದಿದ್ದೂ ಈ ಒಂದೇ ಕಾರಣದಿಂದ ಎನ್ನಬಹುದು.

ಇದರ ಮೊದಲ ದೊಡ್ಡ ಪರೀಕ್ಷೆ ಸಾಲು ಮತದಾನದ ವಿವಾದ. 1982ರಲ್ಲಿ ಏಕಪಕ್ಷ ವ್ಯವಸ್ಥೆಗೆ ಕಾನೂನಿನ ಮುದ್ರೆ ಬಿದ್ದಿತ್ತು. 1986ರಲ್ಲಿ ಆಡಳಿತ ಪಕ್ಷ ಕಾನು, ಅಭ್ಯರ್ಥಿಗಳ ಆಯ್ಕೆಗೆ ಗುಪ್ತ ಮತದಾನವನ್ನು ಕೈಬಿಡಲು ನಿರ್ಧರಿಸಿತು. ಮತದಾರರು ತಮ್ಮ ಅಭ್ಯರ್ಥಿಯ ಅಥವಾ ಅವನ ಏಜೆಂಟನ ಹಿಂದೆ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲಬೇಕು, ಅಧಿಕಾರಿಗಳು ತಲೆ ಎಣಿಸಬೇಕು. 1988ರಲ್ಲಿ ಈ ಹಂತದಲ್ಲೇ ನೂರಕ್ಕೆ 70ಕ್ಕಿಂತ ಹೆಚ್ಚು ಪಡೆದವರು ಮುಂದಿನ ಗುಪ್ತ ಮತದಾನವಿಲ್ಲದೆಯೇ ಸಂಸತ್ತಿಗೆ ಆಯ್ಕೆಯಾದರು. ಪಾದ್ರಿಯೊಬ್ಬ ತನ್ನ ಸಭೆಯವರ ಕಣ್ಣೆದುರೇ ಒಬ್ಬ ಅಭ್ಯರ್ಥಿಯ ಹಿಂದೆ ನಿಂತರೆ ಉಳಿದವರಿಗೆ ಅವನು ಹೇಗೆ ಕುರುಬನಾದಾನು ಎಂಬುದು ಕೀನ್ಯಾ ಚರ್ಚುಗಳ ರಾಷ್ಟ್ರೀಯ ಮಂಡಳಿಯ ತಕರಾರಾಗಿತ್ತು. ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಸದಸ್ಯರಾಗಿದ್ದ ಆಫ್ರಿಕಾ ಇನ್‌ಲ್ಯಾಂಡ್ ಚರ್ಚು 1986ರಲ್ಲೇ ಮಂಡಳಿಯಿಂದ ಹೊರನಡೆಯಿತು.

ಚರ್ಚುಗಳ ನಾಯಕರಾದ ಹೆನ್ರಿ ಒಕುಲ್ಲು, ಡೇವಿಡ್ ಗಿಟಾರಿ, ತಿಮೋತಿ ಎನ್‌ಜೋಯಾ ಈ ಕಾಲದ ಪ್ರಮುಖ ದನಿಗಳು. ಜನಾಂಗದ ದೃಷ್ಟಿಯಿಂದ ಎಲ್ಲರಿಗಿಂತ ಗಮನಾರ್ಹರಾದವರು ಎಲ್ಡೊರೆಟ್‌ನ ಆಂಗ್ಲಿಕನ್ ಬಿಷಪ್ ಅಲೆಕ್ಸಾಂಡರ್ ಮುಗೆ. ಮೊಯಿಯವರಂತೆ ತಾವೂ ಕಲೆಂಜಿನ್ ಆಗಿದ್ದರೂ, ಭೂ ಕಬಳಿಕೆ ಮತ್ತು ಭ್ರಷ್ಟಾಚಾರವನ್ನು ಅವರು ಹೆಸರೆತ್ತಿ ಟೀಕಿಸಿದರು. ಬುಸಿಯಾ ಜಿಲ್ಲೆಗೆ ಕಾಲಿಟ್ಟರೆ ಜೀವಸಹಿತ ಹಿಂದಿರುಗುವುದಿಲ್ಲವೆಂದು ಸಚಿವ ಪೀಟರ್ ಒಕೊಂಡೊ ಬಹಿರಂಗವಾಗಿ ಎಚ್ಚರಿಸಿದರೂ ಮುಗೆ ಅಲ್ಲಿಗೆ ಹೋದರು. 1990ರ ಆಗಸ್ಟ್ 14ರಂದು ಹಿಂದಿರುಗುವಾಗ ಕಾರು ಹಾಲಿನ ಲಾರಿಗೆ ಡಿಕ್ಕಿಯಾಗಿ ಅವರು ತೀರಿಕೊಂಡರು. ಒಕೊಂಡೊ ರಾಜೀನಾಮೆ ಕೊಟ್ಟರು. ಈ ಸಾವು ಅಪಘಾತವೇ ಎಂಬ ಸಂದೇಹ ಇಂದಿಗೂ ಉಳಿದಿದೆ.

1991ರ ಡಿಸೆಂಬರಿನಲ್ಲಿ ಬಹುಪಕ್ಷ ವ್ಯವಸ್ಥೆ ಮರಳಿತು. ಅದೇ ಹೊತ್ತಿಗೆ ರಿಫ್ಟ್ ಕಣಿವೆಯಲ್ಲಿ ಜನಾಂಗ ಘರ್ಷಣೆಗಳು ಆರಂಭವಾದವು. ಚರ್ಚುಗಳು ನಿರಾಶ್ರಿತರಿಗೆ ನೆಲೆ ಕೊಟ್ಟವು, ಹಿಂಸೆಯ ವಿವರಗಳನ್ನು ದಾಖಲಿಸಿದವು.

2007–08ರ ಹಿಂಸೆ ಮತ್ತು ಹೊಸ ಸಂವಿಧಾನ

2007ರ ಡಿಸೆಂಬರ್ ಚುನಾವಣೆಯ ವಿವಾದಿತ ಫಲಿತಾಂಶದ ಬೆನ್ನಿಗೆ ನಡೆದ ಹಿಂಸೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಂದಿ ಮನೆಮಠ ಕಳೆದುಕೊಂಡರು. ಹೊಸವರ್ಷದ ದಿನ ಎಲ್ಡೊರೆಟ್ ಬಳಿಯ ಕಿಯಂಬಾದಲ್ಲಿ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಕಿಕುಯು ಹೆಂಗಸರು, ಮಕ್ಕಳ ಮೇಲೆ ದಾಳಿ ನಡೆದು, ಕಟ್ಟಡಕ್ಕೆ ಬೆಂಕಿ ಬಿತ್ತು. ದಾಳಿಕೋರರಲ್ಲಿ ಹೆಚ್ಚಿನವರು ಯುವಕರು. ತಾವೂ ಪಕ್ಷಪಾತಿಗಳಾಗಿದ್ದೆವೆಂದು ಚರ್ಚುಗಳ ಮಂಡಳಿ 2008ರ ಫೆಬ್ರವರಿಯಲ್ಲಿ ಒಪ್ಪಿ ಕ್ಷಮೆ ಕೇಳಿತು.

2010ರ ಸಂವಿಧಾನ ಜನಾಂಗ ಅಥವಾ ಧರ್ಮದ ಆಧಾರದ ಪಕ್ಷಗಳನ್ನು ನಿಷೇಧಿಸಿತು. ಅಧ್ಯಕ್ಷನಾಗಲು ಅರ್ಧಕ್ಕಿಂತ ಹೆಚ್ಚು ಮತಗಳ ಜೊತೆಗೆ 47 ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕನಿಷ್ಠ ನೂರಕ್ಕೆ 25ರಷ್ಟು ಮತಗಳೂ ಬೇಕಾದವು. ಇದು ಜನಾಂಗದ ನಾಯಕರನ್ನು ಇಲ್ಲವಾಗಿಸಲಿಲ್ಲ. ಅವರು ಮೈತ್ರಿಕೂಟ ಕಟ್ಟಿಕೊಳ್ಳುವ ರೀತಿಯನ್ನು ಬದಲಿಸಿತೆನ್ನುವುದೇ ಸರಿ.

ಮುಸ್ಲಿಂ ಸೀಮೆಗಳು

ಒಡಕನ್ನು ಮೀರುವ ಯತ್ನ ಮುಸ್ಲಿಂ ಸಮುದಾಯಗಳಲ್ಲೂ ನಡೆದಿದೆ. ಸೊಮಾಲಿ ಕುಲಗಳ ಕಲಹದಿಂದ ನಲುಗಿದ್ದ ಈಶಾನ್ಯದ ವಜೀರ್‌ನಲ್ಲಿ 1990ರ ದಶಕದಲ್ಲಿ ದೇಖಾ ಇಬ್ರಾಹಿಂ ಅಬ್ದಿ ಮತ್ತು ಸಂಗಡಿಗರಾದ ಹೆಂಗಸರು ಸಂತೆಯಿಂದಲೇ ಶಾಂತಿಕಾರ್ಯ ಆರಂಭಿಸಿದರು. 2015ರ ಡಿಸೆಂಬರಿನಲ್ಲಿ ಅದೇ ಸೀಮೆಯ ಮಂಡೇರಾದ ಹಾದಿಯಲ್ಲಿ ಸೊಮಾಲಿಯಾದ ಅಲ್ ಶಬಾಬ್ ಉಗ್ರರು ಬಸ್ಸನ್ನು ತಡೆದಾಗ, ಮುಸ್ಲಿಂ ಪ್ರಯಾಣಿಕರು ಕ್ರೈಸ್ತರಿಂದ ಬೇರೆಯಾಗಲು ಒಪ್ಪಲಿಲ್ಲ.

2024ರ ಯುವ ಚಳವಳಿ

ಬ್ರೆಡ್ಡಿನ ಮೇಲೆ ನೂರಕ್ಕೆ 16ರಷ್ಟು ಮೌಲ್ಯವರ್ಧಿತ ತೆರಿಗೆ, ವಾಹನಗಳ ಮೇಲೆ ವಾರ್ಷಿಕ ತೆರಿಗೆ ಮುಂತಾದುವನ್ನು ಸೂಚಿಸಿದ ಹಣಕಾಸು ಮಸೂದೆಯ ವಿರುದ್ಧ ಜೂನ್ 18ರಂದು ಪ್ರತಿಭಟನೆ ಆರಂಭವಾಯಿತು. ನಾಯಕರಿಲ್ಲ, ಪಕ್ಷವಿಲ್ಲ, ಜನಾಂಗವಿಲ್ಲ ಎಂಬುದು ಯುವಕರ ಘೋಷಣೆ. ಮಸೂದೆಯ ಕಲಮುಗಳನ್ನು ಸ್ಥಳೀಯ ಭಾಷೆಗಳಲ್ಲಿ ವಿವರಿಸುವ ಟಿಕ್‌ಟಾಕ್ ವಿಡಿಯೊಗಳು ಹರಿದಾಡಿದವು. ಕಿಕುಯು ಸೀಮೆಯ ನೈಯೆರಿ, ಲುವೊ ಸೀಮೆಯ ಕಿಸುಮು, ಅಧ್ಯಕ್ಷ ವಿಲಿಯಂ ರೂಟೊ ಅವರ ತವರು ಪ್ರದೇಶದ ಎಲ್ಡೊರೆಟ್ ಮೂರೂ ಒಂದೇ ಬೇಡಿಕೆಯೊಂದಿಗೆ ಬೀದಿಗಿಳಿದದ್ದು ಹೊಸ ಬೆಳವಣಿಗೆ. ಜೂನ್ 25ರಂದು ಪ್ರತಿಭಟನಕಾರರು ಸಂಸತ್ ಭವನಕ್ಕೆ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಮರುದಿನ ರೂಟೊ ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು.

ಚರ್ಚುಗಳ ಜತೆಗಿನ ಜಗಳ ಈ ಚಳವಳಿಯಲ್ಲಿ ಅಷ್ಟಾಗಿ ಚರ್ಚೆಯಾಗದ, ಆದರೆ ಬಹುಶಃ ಹೆಚ್ಚು ಬಾಳುವ ಅಂಶ. ರಾಜಕಾರಣಿಗಳು ಭಾನುವಾರದ ಆರಾಧನೆಯಲ್ಲಿ ಕಟ್ಟಡ ನಿಧಿಗೆ ಹಣ ಕೊಟ್ಟು ಭಾಷಣ ಮಾಡುವ ರೂಢಿ ಹಳೆಯದು. ಆಂಗ್ಲಿಕನ್ ಆರ್ಚ್‌ಬಿಷಪ್ ಜಾಕ್ಸನ್ ಒಲೆ ಸಾಪಿಟ್ 2021ರಲ್ಲೇ ರಾಜಕಾರಣಿಗಳಿಗೆ ಪ್ರವಚನ ಪೀಠವನ್ನು ನಿರಾಕರಿಸಿದ್ದರೂ ರೂಢಿ ನಿಂತಿರಲಿಲ್ಲ. 2024ರಲ್ಲಿ ಯುವಕರು ಚರ್ಚುಗಳಿಗೇ ಹೋಗಿ ಅದನ್ನು ಪ್ರಶ್ನಿಸಿದರು. ಅವರು ದೇವರನ್ನಾಗಲಿ ಪ್ರಾರ್ಥನೆಯನ್ನಾಗಲಿ ತಿರಸ್ಕರಿಸಲಿಲ್ಲ. ಅವರ ಆಕ್ಷೇಪ ಪೀಠದ ಮೇಲಿನ ಹಣದ ಬಗ್ಗೆ. ಅದೇ ನವೆಂಬರಿನಲ್ಲಿ ನೈರೋಬಿಯ ಕ್ಯಾಥೊಲಿಕ್ ಆರ್ಚ್‌ಬಿಷಪ್ ಫಿಲಿಪ್ ಅನ್ಯೋಲೊ, ರೂಟೊ ಕೊಟ್ಟ ದೇಣಿಗೆಯನ್ನು ಹಿಂದಿರುಗಿಸಲು ಸೂಚಿಸಿದರು.

ಮೌಲ್ಯಮಾಪನ

ಬೀದಿಯ ಈ ಐಕ್ಯ ಮತದಾನದಲ್ಲೂ ಕಾಣುವುದೆಂದು ಈಗಲೇ ಹೇಳುವುದು ದುಡುಕಾದೀತು. 2022ರ ಮತದಾರರ ಪಟ್ಟಿಯಲ್ಲಿ 18ರಿಂದ 34ರ ವಯಸ್ಸಿನವರು ನೂರಕ್ಕೆ 40ರಷ್ಟಿದ್ದು, 2017ಕ್ಕಿಂತ ಅವರ ಸಂಖ್ಯೆ ಕುಗ್ಗಿತ್ತು. 2024ರ ಅಕ್ಟೋಬರಿನಲ್ಲಿ ಉಪಾಧ್ಯಕ್ಷ ರಿಗಾತಿ ಗಚಾಗುವಾ ಅವರ ಪದಚ್ಯುತಿಗೆ ಜನಾಂಗಗಳ ನಡುವೆ ಒಡಕು ತರುವ ಮಾತುಗಳೂ ಒಂದು ಕಾರಣವಾದವು. ಆದರೆ ಅದರ ನಂತರದ ರಾಜಕೀಯ ಮಾತುಕತೆ ಮತ್ತೆ ಜನಾಂಗಗಳನ್ನು ಕೂಡಿ ಕಳೆಯುವ ಲೆಕ್ಕಕ್ಕೆ ತಿರುಗಿತು. ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟಿಗೆ ನಿಗದಿಯಾಗಿದೆ.