ಬೂಸಾ ಅಂದಿದ್ದಕ್ಕೆ ಹೋದ ಕುರ್ಚಿ

‘ವಿಷಯ ಸರಿ, ಆದ್ರೆ ಹೇಳೋ ರೀತಿ ಸರಿ ಇಲ್ಲ.’ ಆಫೀಸಿನಲ್ಲಿ ಈ ಮಾತನ್ನು ನಾವೆಲ್ಲ ಒಮ್ಮೆಯಾದರೂ ಕೇಳಿರ್ತೀವಿ. ಮೀಟಿಂಗ್‌ನಲ್ಲಿ ಮೇಲಿನವರು ಮೇಜು ಕುಟ್ಟಿದರೆ ಅದು ಕೆಲಸದ ಮೇಲಿನ ಕಾಳಜಿ. ಸೇರಿ ಎರಡು ವರ್ಷವಾದ ಹುಡುಗಿ ಅದೇ ದನಿಯಲ್ಲಿ ಉತ್ತರ ಕೊಟ್ಟರೆ ‘ಆಟಿಟ್ಯೂಡ್ ಪ್ರಾಬ್ಲಂ’. ರಾಜಕೀಯದಲ್ಲೂ ‘ಭಾಷೆ ಸಭ್ಯವಾಗಿರಲಿ’ ಅನ್ನೋ ಉಪದೇಶ ಕೇಳಿದಾಗಲೆಲ್ಲ ನನಗೆ ನೆನಪಾಗೋದು 1973ರ ಬೂಸಾ ಗಲಾಟೆ.

ಬಿ. ಬಸವಲಿಂಗಪ್ಪ ಆಗ ದೇವರಾಜ ಅರಸು ಸರ್ಕಾರದಲ್ಲಿ ಸಚಿವರು. ದಲಿತರು, ವಕೀಲರು, ಅಂಬೇಡ್ಕರ್ ವಿಚಾರ ಮೈಗೂಡಿಸಿಕೊಂಡವರು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿ ಇವರೇ. ಅದನ್ನು ನಿಷೇಧಿಸಲು ಸಂಸತ್ತು ಕಾಯ್ದೆ ತಂದಿದ್ದು 1993ರಲ್ಲಿ. ಅಂದರೆ ಸುಮಾರು ಇಪ್ಪತ್ತು ವರ್ಷ ಆದಮೇಲೆ!

1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಅವರು ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ದಲಿತ ಹುಡುಗರು ಇಂಗ್ಲಿಷ್ ಕಲೀಬೇಕು ಅನ್ನೋ ಅರ್ಥದ ಮಾತು ಹೇಳಿದರು. ಅಷ್ಟೇ. ರಾಜ್ಯದ ತುಂಬ ಪ್ರತಿಭಟನೆ ಶುರುವಾಯ್ತು. ಕನ್ನಡಕ್ಕೆ ಅವಮಾನ ಆಯ್ತು, ಮಂತ್ರಿಯಾದವನು ಆಡೋ ಮಾತಾ ಇದು ಅಂದರು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳ ಮೇಲೆ ಮೈಸೂರು, ಬೆಂಗಳೂರಿನಲ್ಲಿ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು.

ಈಗ ಲೆಕ್ಕ ಹಾಕಿ. ಒಂದು ಕಡೆ ಒಂದು ಒರಟು ಪದ. ಇನ್ನೊಂದು ಕಡೆ ಕಲ್ಲು, ದೊಣ್ಣೆ, ಜಾತಿ ಹಿಡಿದು ಬೈಗುಳ. ಇದರಲ್ಲಿ ಅಸಭ್ಯ ಅನ್ನಿಸಿಕೊಂಡಿದ್ದು ಪದ!

ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮ ಕಡೆ ಬೂಸಾ ಬೈಗುಳ ಅಲ್ಲ, ಕರೆಯೋ ಹಸುವಿಗೆ ದುಡ್ಡು ಕೊಟ್ಟು ತಂದಿಡೋ ಮೇವು. ನಿಜವಾದ ಬೈಗುಳಗಳು ಬೇರೆ ಇದ್ದವು. ಕೇರಿಯವರ ಜಾತಿಯ ಹೆಸರೇ ಬೈಗುಳ. ಎತ್ತು ಮಾತು ಕೇಳದಿದ್ದರೂ ಅದೇ, ಮಗ ಓದದಿದ್ದರೂ ಅದೇ. ಜಗುಲಿ ಮೇಲೆ ಕೂತ ಹಿರಿಯರು ದಿನಕ್ಕೆ ಹತ್ತು ಸಲ ಅನ್ನೋರು. ಅದಕ್ಕೆ ಯಾರೂ ಮೆರವಣಿಗೆ ಹೊರಡಲಿಲ್ಲ. ಕಿವಿಗೆ ಅಭ್ಯಾಸವಾದ ಬೈಗುಳ ಬೈಗುಳ ಅಂತಲೇ ಅನ್ನಿಸಲ್ಲ, ನೋಡಿ.

ಸಾಹಿತ್ಯದವರಾದರೂ ಮೆತ್ತಗೆ ಮಾತಾಡ್ತಿದ್ರಾ? ಪ್ರಗತಿಶೀಲರು ನವೋದಯದವರನ್ನು ಝಾಡಿಸಿದರು. ನವ್ಯರು ಇಬ್ಬರನ್ನೂ ಝಾಡಿಸಿದರು. ಅದಕ್ಕೆ ನಾವು ಕೊಟ್ಟ ಹೆಸರು ವಿಮರ್ಶೆ. ಅದನ್ನೇ ದಲಿತ ಮಂತ್ರಿಯೊಬ್ಬರು ಮಾಡಿದರೆ ನಾಡದ್ರೋಹ. ಆಗ ಬಸವಲಿಂಗಪ್ಪನವರ ಬೆನ್ನಿಗೆ ನಿಂತ ಕೆಲವರಲ್ಲಿ ಕುವೆಂಪು ಒಬ್ಬರು ಅನ್ನೋದನ್ನ ಮರೆಯಬಾರದು.

ಇದು ಹೊಸದೇನಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ್ ಅಂಬೇಡ್ಕರರನ್ನು ಭಾಷಣಕ್ಕೆ ಕರೆದಿತ್ತು. ಹೆಸರೇ ಜಾತಿ ಒಡೆಯೋ ಮಂಡಲ. ಆದರೆ ಭಾಷಣದ ಪ್ರತಿ ನೋಡಿದ ಮೇಲೆ, ಇಷ್ಟು ಕಟುವಾಗಿ ಬೇಡ, ಕೆಲವು ಭಾಗ ತೆಗೀರಿ ಅಂದರು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂದರು. ಸಮ್ಮೇಳನವೇ ರದ್ದಾಯ್ತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ತಡೆದವರು ಕರ್ಮಠರಲ್ಲ, ಸುಧಾರಕರು. ಅವರಿಗೂ ಜಾತಿ ಹೋಗಬೇಕಿತ್ತು, ಯಾರ ಮನಸ್ಸಿಗೂ ನೋವಾಗದ ಹಾಗೆ.

ಹಾಗಂತ ಯಾರು ಏನು ಬೇಕಾದರೂ ಅನ್ನಬಹುದಾ ಅಂತ ನೀವು ಕೇಳಬಹುದು. ಇಲ್ಲ. ಬಸವಲಿಂಗಪ್ಪನವರ ಮಾತು ಉತ್ಪ್ರೇಕ್ಷೆ ಅಂತ ವಾದ ಮಾಡಬಹುದಿತ್ತು. ವಚನಗಳನ್ನು ಮುಂದಿಟ್ಟು ಇದು ಬೂಸಾನಾ ಸ್ವಾಮಿ ಅಂತ ಕೇಳಬಹುದಿತ್ತು. ಅವರ ಪ್ರಶ್ನೆ ಇದ್ದಿದ್ದು, ಈ ಸಾಹಿತ್ಯದಲ್ಲಿ ನಮ್ಮ ಜನರ ಬದುಕು ಎಲ್ಲಿದೆ ಅಂತ. ಅದಕ್ಕೆ ಉತ್ತರ ಕೊಡೋದು ಕಷ್ಟ, ಪದ ಹಿಡಿದುಕೊಂಡು ಜಗ್ಗೋದು ಸುಲಭ.

ಉತ್ತರ ಬಂತು, ಆದರೆ ಏಟು ತಿಂದವರ ಕಡೆಯಿಂದ. ಈ ಗಲಾಟೆಯಲ್ಲಿ ಒಂದಾದ ಯುವಕರು ಮುಂದಿನ ವರ್ಷಗಳಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಆಗ ಬೆಂಗಳೂರಲ್ಲಿ ವಿದ್ಯಾರ್ಥಿಯಾಗಿದ್ದ ಸಿದ್ದಲಿಂಗಯ್ಯನವರ ಪದ್ಯಗಳೂ ಸಿಟ್ಟಿನ ಪದ್ಯಗಳೇ. 2015ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಂದು ಕನ್ನಡದ ಮಾನ ಹೋಯ್ತು ಅಂತ ಕೂಗಿದವರಿಗಿಂತ ಹೆಚ್ಚು ಕನ್ನಡವನ್ನು ಈ ಹುಡುಗರೇ ಬೆಳೆಸಿದರು.

ಹಾಗಾಗಿ ಇನ್ನು ಮುಂದೆ ಟಿವಿಯಲ್ಲೋ ಆಫೀಸಿನಲ್ಲೋ ಯಾರಾದರೂ ‘ಭಾಷೆ ಸರಿ ಇರಲಿ’ ಅಂದಾಗ ಎರಡು ವಿಷಯ ಗಮನಿಸಿ. ಅದೇ ಮಾತನ್ನು ಅವರು ತಮ್ಮ ಕಡೆಯವರಿಗೂ ಹೇಳಿದ್ದಾರಾ? ಭಾಷೆಯ ಪಾಠ ಮುಗಿದ ಮೇಲೆ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರಾ?